ಹಳೆಯ ಐಪಿ ಕ್ಯಾಮೆರಾಗಳ ಫರ್ಮ್‌ವೇರ್: ಬದಲಿಸುವ ಮುನ್ನ ಮತ್ತು ಕೆಟ್ಟ ನಂತರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಚಾಲಿ ಅಡಿಕೆ ಒಣಹಾಕುವ ಅಂಗಳಕ್ಕೋ ಅಟ್ಟದ ಬಾಗಿಲಿಗೋ ಮುಖಮಾಡಿ ಕೂರಿಸಿದ, ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಐಪಿ ಕ್ಯಾಮೆರಾಗಳಲ್ಲಿ ಹಲವಕ್ಕೆ ಈಗ ಎಂಟು ಹತ್ತು ವರ್ಷಗಳಾಗಿವೆ. ಕಾರವಾರ, ಅಂಕೋಲಾ, ಕುಮಟಾದ ಅಂಗಡಿಗಳ ಸ್ಥಿತಿಯೂ ಬೇರೆಯಲ್ಲ. ಲೆನ್ಸ್ ಚೆನ್ನಾಗಿದೆ, ಚಿತ್ರ ಸ್ಪಷ್ಟವಾಗಿದೆ, ರಾತ್ರಿಯ ಇನ್‌ಫ್ರಾರೆಡ್ ದೀಪವೂ ಉರಿಯುತ್ತದೆ. ಆದರೆ ಒಳಗಿರುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಮಾತ್ರ ಗೋಡೆಗೆ ಹತ್ತಿಸಿದ ದಿನದಿಂದ ಬದಲಾಗಿಲ್ಲ. ಈ ಕ್ಯಾಮೆರಾಗಳ ಬಗ್ಗೆ ನಮ್ಮಲ್ಲಿ ಎರಡು ಮಾತುಗಳು ಚಾಲ್ತಿಯಲ್ಲಿವೆ: ನಡೆಯುತ್ತಿರುವುದನ್ನು ಮುಟ್ಟಬೇಡಿ ಎನ್ನುವುದು ಒಂದು, ಅಪ್‌ಡೇಟ್ ಮಾಡುವಾಗ ನಿಂತುಹೋದರೆ ಅದು ಮುಗಿದ ಹಾಗೆ, ಹೊಸದು ತನ್ನಿ ಎನ್ನುವುದು ಇನ್ನೊಂದು. ಕಾರವಾರದಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನಾನು ಈ ಎರಡನ್ನೂ ಒಪ್ಪುವುದಿಲ್ಲ. ಅಪ್‌ಡೇಟ್ ನಡುವೆ ನಿಂತುಹೋದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮುಟ್ಟದೆ ಬಿಡುವುದು ಏಕೆ ಸರಿಯಲ್ಲ ಎಂಬುದಕ್ಕೆ 2016ರ ಮಿರಾಯ್ ಪ್ರಕರಣವೇ ಸಾಕು. ಕಾರ್ಖಾನೆಯಿಂದ ಬಂದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಮತ್ತು ರೂಟರ್‌ಗಳನ್ನು ಹುಡುಕಿ ಹಿಡಿದು, ಸುಮಾರು 60 ಜೋಡಿಗಳ ಒಂದು ಪಟ್ಟಿಯಿಂದಲೇ ಒಳನುಗ್ಗಿ, ಅವುಗಳನ್ನೆಲ್ಲ ಒಟ್ಟುಗೂಡಿಸಿ ದಾಳಿಗೆ ಬಳಸಿದ ತಂತ್ರಾಂಶ ಅದು. ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ) ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್‌ನಂಥ ದೊಡ್ಡ ತಾಣಗಳೂ ಹಲವರಿಗೆ ಗಂಟೆಗಟ್ಟಲೆ ಸಿಗದಂತಾದವು. ಪಾಸ್‌ವರ್ಡ್ ಬದಲಿಸಿದರೆ ಸಾಕು ಎಂದು ಅಂದು ಅನ್ನಿಸಿದ್ದು ಸಹಜ. ಆದರೆ 2017ರಲ್ಲಿ ಹಿಕ್‌ವಿಷನ್ ಕ್ಯಾಮೆರಾಗಳ ಹಳೆಯ ಫರ್ಮ್‌ವೇರ್‌ನಲ್ಲಿ ಬಯಲಾದ ದೋಷಕ್ಕೆ ಪಾಸ್‌ವರ್ಡ್ ಬೇಕಾಗಿಯೇ ಇರಲಿಲ್ಲ. ವಿಳಾಸದ ಕೊನೆಗೆ ಒಂದು ಸಾಲು ಸೇರಿಸಿದರೆ ಚಿತ್ರವೂ ಸಂರಚನೆಯ (ಸೆಟ್ಟಿಂಗುಗಳ) ಕಡತವೂ ಹೊರಬರುತ್ತಿದ್ದವು. 2021ರಲ್ಲಿ ಅದೇ ಕಂಪನಿಯ ಹಲವು ಮಾದರಿಗಳಲ್ಲಿ ಲಾಗಿನ್ ಇಲ್ಲದೆಯೇ ಆಜ್ಞೆ ನಡೆಸಬಹುದಾದ ದೋಷವೂ, ದಾಹುವಾ ಕಂಪನಿಯ ಮಾದರಿಗಳಲ್ಲಿ ಲಾಗಿನ್ನನ್ನೇ ದಾಟಿಹೋಗುವ ದೋಷವೂ ಪ್ರಕಟವಾದವು. ಎಲ್ಲಕ್ಕೂ ತಿದ್ದಿದ ಫರ್ಮ್‌ವೇರ್ ಬಂದಿದೆ. ಆದರೆ ಹಳೆಯ ಮಾದರಿಗಳಿಗೆ ಅದು ತಾನಾಗಿ ಬಂದು ಸೇರುವುದಿಲ್ಲ. ಯಾರಾದರೂ ಕೂತು ಹಾಕಬೇಕು.

ಹಾಕುವ ಮೊದಲಿನ ಕೆಲಸ ಗುರುತು ಹಿಡಿಯುವುದು, ಮತ್ತು ಅವಸರ ಮಾಡುವವರು ಎಡವುವುದು ಇಲ್ಲಿಯೇ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬಾರದು. ಕ್ಯಾಮೆರಾದ ಮೈಮೇಲಿನ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಮತ್ತು ಒಳಗಿನ ಪುಟದಲ್ಲಿ ಕಾಣುವ ಫರ್ಮ್‌ವೇರ್ ಆವೃತ್ತಿ ಹಾಗೂ ಬಿಲ್ಡ್ (ಅದು ತಯಾರಾದ) ದಿನಾಂಕ, ಇವಿಷ್ಟನ್ನೂ ಬರೆದಿಟ್ಟುಕೊಳ್ಳಬೇಕು. ಹೊರಗೆ ಒಂದೇ ಹೆಸರಿದ್ದರೂ ಒಳಗಿನ ಚಿಪ್ ಬೇರೆಯಾಗಿರುವ ಮಾದರಿಗಳಿವೆ. ಭಾರತೀಯ ಹೆಸರಿನಲ್ಲಿ ಮಾರಾಟವಾದ ಕೆಲವು ಕ್ಯಾಮೆರಾಗಳ ಒಳಗಿರುವುದು ಬೇರೆ ಕಂಪನಿಯ ಬೋರ್ಡು. ಇನ್ನೊಂದು ಬಗೆಯೂ ಉಂಟು: ಚೀನಾದ ಮಾರುಕಟ್ಟೆಗೆಂದೇ ತಯಾರಾಗಿ, ಮಧ್ಯವರ್ತಿಗಳು ಫರ್ಮ್‌ವೇರನ್ನು ತಿದ್ದಿ ಇಂಗ್ಲಿಷ್ ಮೆನು ಕೂರಿಸಿ ಕಡಿಮೆ ಬೆಲೆಗೆ ಮಾರಿದವು. ಇಂಥದ್ದಕ್ಕೆ ಅಂತರರಾಷ್ಟ್ರೀಯ ಆವೃತ್ತಿಯ ಕಡತವನ್ನು ಹಾಕಿದರೆ ಭಾಷೆ ಹೊಂದುವುದಿಲ್ಲ ಎಂಬ ದೂರು ಬರುತ್ತದೆ, ಇಲ್ಲವೇ ಕ್ಯಾಮೆರಾ ಏಳುವುದೇ ಇಲ್ಲ. ಅಗ್ಗಕ್ಕೆ ಸಿಕ್ಕಿದ ಕ್ಯಾಮೆರಾ ಇಂಥದ್ದೇ ಎಂದು ಸೀರಿಯಲ್ ಸಂಖ್ಯೆಯಿಂದ ತಿಳಿದ ಮೇಲೆ ಅಪ್‌ಡೇಟ್ ಮಾಡದಿರುವ ನಿರ್ಧಾರವೇ ಕೆಲವೊಮ್ಮೆ ಸರಿಯಾಗಿರುತ್ತದೆ. ಕಂಪನಿಯ ಬಿಡುಗಡೆ ಟಿಪ್ಪಣಿಯನ್ನೂ ಓದಲೇಬೇಕು, ಏಕೆಂದರೆ ತೀರ ಹಳೆಯ ಆವೃತ್ತಿಯಿಂದ ಹೊಸದಕ್ಕೆ ನೇರವಾಗಿ ಹಾರದೆ ನಡುವಿನ ಒಂದು ಆವೃತ್ತಿಯ ಮೂಲಕ ಹೋಗಬೇಕಾದ ಮಾದರಿಗಳಿವೆ, ಮತ್ತು ಒಮ್ಮೆ ಮೇಲೇರಿದರೆ ಹಿಂದಕ್ಕೆ ಬರಲು ಬಿಡದ ಮಾದರಿಗಳೂ ಇವೆ.

ಬ್ರೌಸರ್‌ನ ತೊಡಕನ್ನು ಚುಟುಕಾಗಿ ಹೇಳುತ್ತೇನೆ. ಹಳೆಯ ಕ್ಯಾಮೆರಾಗಳ ಪುಟಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಪ್ಲಗಿನ್ನನ್ನು ನಂಬಿದ್ದವು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಬೆಂಬಲ ನಿಲ್ಲಿಸಿತು. ಎಡ್ಜ್‌ನಲ್ಲಿರುವ ಐಇ ಮೋಡ್ (ಆ ಹಳೆಯ ಬ್ರೌಸರಿನಂತೆ ನಡೆಯುವ ವ್ಯವಸ್ಥೆ) ಅನೇಕ ಕಡೆ ಸಾಕಾಗುತ್ತದೆ, ಅಲ್ಲದಿದ್ದರೆ ಕಂಪನಿಯ ಸ್ವಂತ ಕಂಪ್ಯೂಟರ್ ತಂತ್ರಾಂಶದಿಂದ ಅಪ್‌ಡೇಟ್ ಮಾಡಬಹುದು.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಗಮನ ಬೇಡುವುದು ಕರೆಂಟು ಮತ್ತು ತಂತಿ. ಫ್ಲ್ಯಾಶ್ ಮೆಮೊರಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಅರ್ಧ ಹಳತು, ಅರ್ಧ ಹೊಸತು ಉಳಿಯುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋಗುವುದು ಯಾವ ಗಳಿಗೆಯಲ್ಲಾದರೂ ಆಗಬಹುದಾದ್ದರಿಂದ, ಕಂಪ್ಯೂಟರಿಗೆ ಮಾತ್ರವಲ್ಲ, ಕ್ಯಾಮೆರಾಗೆ ವಿದ್ಯುತ್ ಕೊಡುವ ಪಿಒಇ (ಲ್ಯಾನ್ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುವ) ಸ್ವಿಚ್ ಅಥವಾ 12 ವೋಲ್ಟ್ ಅಡಾಪ್ಟರಿಗೂ ಯುಪಿಎಸ್ ಇರಲೇಬೇಕು. ಕರಾವಳಿಯಲ್ಲಿ ತೊಂದರೆಯ ಮುಖ ಬೇರೆ. ಬೈತಖೋಲ ಬಂದರಿನ ಆಸುಪಾಸಿನಂಥ ಕಡೆಗಳಲ್ಲಿ ಉಪ್ಪುಗಾಳಿಗೆ ಲ್ಯಾನ್ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿರುತ್ತವೆ. ದಿನಬಳಕೆಯಲ್ಲಿ ಚಿತ್ರ ಆಗಾಗ ಕಡಿದುಹೋಗುವುದಷ್ಟೇ ಕಾಣುತ್ತದೆ, ಆದರೆ ಅಪ್‌ಡೇಟ್ ನಡುವೆ ಆ ಪಿನ್ನು ಕೈಕೊಟ್ಟರೆ, ವಿದ್ಯುತ್ತೂ ಅದೇ ತಂತಿಯಲ್ಲಿ ಬರುವ ಪಿಒಇ ಕ್ಯಾಮೆರಾ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಏಣಿ ಹತ್ತುವ ಶ್ರಮವಾದರೂ ಸರಿ, ಕ್ಯಾಮೆರಾವನ್ನು ಕೆಳಗಿಳಿಸಿ, ಮೇಜಿನ ಮೇಲಿಟ್ಟು, ಚಿಕ್ಕ ಹೊಸ ಕೇಬಲ್ಲಿನಲ್ಲಿಯೇ ಈ ಕೆಲಸ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವೈಫೈ ಮೂಲಕ ಮಾಡುವುದು ಬೇಡವೇ ಬೇಡ.

ಇನ್ನು ನಿಂತುಹೋದ ಕ್ಯಾಮೆರಾದ ವಿಚಾರ. ಬನವಾಸಿ ಕಡೆಯ ನಮ್ಮ ಸೋದರಮಾವನ ಮನೆಯಲ್ಲಿ, ಊರಿನ ಹುಡುಗರೊಬ್ಬರು ಅಪ್‌ಡೇಟ್ ಹಾಕುತ್ತಿದ್ದಾಗ ಕರೆಂಟು ಹೋಗಿ, ಅಂಗಳದ ಕ್ಯಾಮೆರಾ ಮತ್ತೆ ಏಳಲಿಲ್ಲ. "ತಮಾ, ಇದು ಹೋದ ಹಾಗೇ ಅಲ್ದಾ?" ಎಂದು ಮಾವ ಕೇಳಿದರು. ಹೋಗಿರಲಿಲ್ಲ, ಮತ್ತು ಅದಕ್ಕೆ ಕಾರಣ ಮೆಮೊರಿಯ ರಚನೆಯಲ್ಲಿಯೇ ಇದೆ. ಇಂಥ ಕ್ಯಾಮೆರಾಗಳ ಫ್ಲ್ಯಾಶ್ ಮೆಮೊರಿ ಹಲವು ಭಾಗಗಳಾಗಿ ಹಂಚಿಹೋಗಿರುತ್ತದೆ: ಮೊದಲಿಗೆ ಬೂಟ್‌ಲೋಡರ್ (ಉಳಿದದ್ದನ್ನು ಎಬ್ಬಿಸುವ ಪುಟ್ಟ ತಂತ್ರಾಂಶ), ನಂತರ ಲಿನಕ್ಸ್ ಕರ್ನೆಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು), ಆಮೇಲೆ ಕ್ಯಾಮೆರಾದ ತಂತ್ರಾಂಶ, ಬೇರೆಯಾಗಿ ಸಂರಚನೆ. ಸಾಮಾನ್ಯ ಅಪ್‌ಡೇಟ್ ಬದಲಿಸುವುದು ಬಹುತೇಕ ಬೂಟ್‌ಲೋಡರ್ ನಂತರದ ಭಾಗಗಳನ್ನು. ಮೊದಲಲ್ಲಿರುವ ಬೂಟ್‌ಲೋಡರ್ ಹಾಗೇ ಉಳಿದಿರುತ್ತದೆ. ವಿದ್ಯುತ್ ಕೊಟ್ಟೊಡನೆ ಅದು ಎದ್ದು, ಮುಂದೆ ಏನೂ ಸರಿಯಾಗಿ ಸಿಗದೆ ಮತ್ತೆ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಲ್ಯಾನ್ ಪೋರ್ಟಿನ ದೀಪ ನಿಯತವಾಗಿ ಹತ್ತಿ ಆರುತ್ತಿದ್ದರೆ ಅದು ಬದುಕಿರುವ ಲಕ್ಷಣ.

ಈ ಬೂಟ್‌ಲೋಡರ್‌ಗಳಲ್ಲಿ ಅನೇಕವು ಎದ್ದ ಮೊದಲ ಕೆಲವು ಸೆಕೆಂಡುಗಳಲ್ಲಿ, ನೆಟ್‌ವರ್ಕಿನಲ್ಲಿ ಒಂದು ನಿಗದಿತ ವಿಳಾಸದ ಕಂಪ್ಯೂಟರ್ ಇದೆಯೇ ಎಂದು ಕೇಳುತ್ತವೆ. ಇದ್ದರೆ ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ಫರ್ಮ್‌ವೇರ್ ತರಿಸಿಕೊಂಡು ತಾವೇ ಬರೆದುಕೊಳ್ಳುತ್ತವೆ. ಹಳೆಯ ಹಿಕ್‌ವಿಷನ್ ಮಾದರಿಗಳಲ್ಲಿ ಕ್ಯಾಮೆರಾ ಆ ಹೊತ್ತಿಗೆ 192.0.0.64 ಆಗಿ, ಕಂಪ್ಯೂಟರನ್ನು 192.0.0.128ರಲ್ಲಿ ಹುಡುಕುತ್ತದೆ, ಕಡತದ ಹೆಸರು ಡಿಜಿಕ್ಯಾಪ್ ಡಾಟ್ ಡಿಎವಿ (digicap.dav) ಎಂದೇ ಇರಬೇಕು. ಅಲ್ಲಿ ಮೊದಲು ಯುಡಿಪಿ 9978ನೇ ಪೋರ್ಟಿನಲ್ಲಿ (ನೆಟ್‌ವರ್ಕಿನ ಸಂಖ್ಯೆ ಕೊಟ್ಟ ಒಂದು ಬಾಗಿಲಿನಲ್ಲಿ) ಒಂದು ಸಣ್ಣ ಪರಿಚಯದ ವಿನಿಮಯ ನಡೆಯುವುದರಿಂದ ಸಾಮಾನ್ಯ ಟಿಎಫ್‌ಟಿಪಿ ಸರ್ವರ್ ಸಾಕಾಗುವುದಿಲ್ಲ, ಕಂಪನಿಯದೇ ಸರ್ವರ್ ಅಥವಾ ಆ ವಿನಿಮಯವನ್ನು ಅರಿತ ತಂತ್ರಾಂಶ ಬೇಕು. ದಾಹುವಾದ ಹಳೆಯ ಮಾದರಿಗಳಲ್ಲಿ ಕಂಪ್ಯೂಟರಿನ ವಿಳಾಸ 192.168.1.1 ಆಗಿರಬೇಕಾಗುತ್ತದೆ. ಆಕ್ಸಿಸ್ ಕ್ಯಾಮೆರಾಗಳಲ್ಲಿ ದಾರಿ ಬೇರೆ: ಕಂಟ್ರೋಲ್ ಬಟನ್ ಒತ್ತಿ ಹಿಡಿದು ವಿದ್ಯುತ್ ಕೊಟ್ಟರೆ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ.

ಕೇಳಲು ಸುಲಭವಾದ ಈ ವಿಧಾನ ಕೈಗೂಡದಿರುವುದಕ್ಕೆ ಹೆಚ್ಚಾಗಿ ಎರಡು ಕಾರಣಗಳಿರುತ್ತವೆ. ಕ್ಯಾಮೆರಾದಿಂದ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಹಾಕಿದ್ದರೆ, ಕ್ಯಾಮೆರಾ ಆರಿದಾಗಲೆಲ್ಲ ಕಂಪ್ಯೂಟರಿನ ಲ್ಯಾನ್ ಸಂಪರ್ಕವೂ ಕಡಿಯುತ್ತದೆ. ವಿಂಡೋಸ್ ಅದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಬೂಟ್‌ಲೋಡರ್ ಕೇಳಿ, ಉತ್ತರ ಸಿಗದೆ, ಮುಂದಕ್ಕೆ ಹೋಗಿಯಾಗಿರುತ್ತದೆ. ನಡುವೆ ಒಂದು ಸಾಧಾರಣ ಸ್ವಿಚ್ ಇಟ್ಟರೆ ಕಂಪ್ಯೂಟರಿನ ಕಡೆಯ ಸಂಪರ್ಕ ಕಡಿಯದೆ ಉಳಿಯುತ್ತದೆ. ಎರಡನೆಯದು ವಿಂಡೋಸ್ ಫೈರ್‌ವಾಲ್. ಟಿಎಫ್‌ಟಿಪಿ ಬಳಸುವ ಯುಡಿಪಿ 69ನೇ ಪೋರ್ಟನ್ನು ಅದು ಸದ್ದಿಲ್ಲದೆ ತಡೆದುಬಿಡುತ್ತದೆ. ಕೆಲಸ ಮುಗಿಯುವವರೆಗೆ ಆ ಪೋರ್ಟನ್ನು ತೆರೆದಿಟ್ಟು, ಕಂಪ್ಯೂಟರಿನ ವೈಫೈಯನ್ನೂ ಆರಿಸಿ, ನೆಟ್‌ವರ್ಕಿನ ಸಂಚಾರ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ಕೂತರೆ ಕ್ಯಾಮೆರಾ ಯಾರನ್ನು ಕೇಳುತ್ತಿದೆ ಎಂಬುದು ಎಆರ್‌ಪಿ (ಈ ವಿಳಾಸ ಯಾರದು ಎಂದು ಕೇಳುವ) ಸಾಲುಗಳಲ್ಲಿ ಕಣ್ಣಿಗೇ ಕಾಣುತ್ತದೆ. ಮಾವನ ಮನೆಯ ಕ್ಯಾಮೆರಾ ಎದ್ದದ್ದು ಹೀಗೆಯೇ: ಅದು ಕೇಳುತ್ತಿದ್ದ ವಿಳಾಸವನ್ನು ನೋಡಿ ಲ್ಯಾಪ್‌ಟಾಪಿಗೆ ಅದನ್ನೇ ಕೊಟ್ಟು, ನಡುವೆ ಸ್ವಿಚ್ ಇಟ್ಟದ್ದರಿಂದ.

ಇದರಿಂದಲೂ ಆಗದಿದ್ದರೆ ಮುಚ್ಚಳ ತೆರೆಯಬೇಕಾಗುತ್ತದೆ. ಬೋರ್ಡಿನ ಮೇಲೆ ಸೀರಿಯಲ್ ಪೋರ್ಟಿನ ಮೂರು ನಾಲ್ಕು ಬಿಂದುಗಳು ಸಾಮಾನ್ಯವಾಗಿ ಇರುತ್ತವೆ, ಯುಎಸ್‌ಬಿಯಿಂದ 3.3 ವೋಲ್ಟ್ ಸೀರಿಯಲ್‌ಗೆ ಬದಲಿಸುವ ಅಡಾಪ್ಟರಿನ ಗ್ರೌಂಡ್, ಕಳಿಸುವ ಮತ್ತು ಪಡೆಯುವ ತಂತಿಗಳನ್ನು ಮಾತ್ರ ಜೋಡಿಸಿ, ವಿದ್ಯುತ್ತಿನ ತಂತಿಯನ್ನು ಬಿಟ್ಟು, ಹೆಚ್ಚಿನ ಕಡೆ 115200 ವೇಗದಲ್ಲಿ ನೋಡಿದರೆ ಯು-ಬೂಟ್ ಎಂಬ ಬೂಟ್‌ಲೋಡರ್ ತಾನು ಎಲ್ಲಿ ಎಡವಿದೆನೆಂದು ಹೇಳುತ್ತದೆ. ಅದೂ ಮೌನವಾಗಿದ್ದರೆ ಉಳಿಯುವುದು ಎಂಟು ಕಾಲುಗಳ ಫ್ಲ್ಯಾಶ್ ಚಿಪ್ಪಿಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್ ಎಂಬ ಸಾಧನದಿಂದ ನೇರವಾಗಿ ಬರೆಯುವ ದಾರಿ. ಅಗ್ಗದ ಸಿಎಚ್341ಎ ಪ್ರೋಗ್ರಾಮರ್ ಬೋರ್ಡುಗಳಲ್ಲಿ ಕೆಲವು 3.3 ವೋಲ್ಟಿನ ಚಿಪ್ಪಿನ ಪಿನ್ನುಗಳಿಗೆ 5 ವೋಲ್ಟ್ ಕೊಡುತ್ತವೆ ಎಂಬುದನ್ನು ಮೊದಲೇ ಮೀಟರಿನಲ್ಲಿ ಅಳೆದು ನೋಡಬೇಕು. ಬರೆಯುವ ಮೊದಲು ಒಳಗಿರುವುದನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ಒಂದೇ ಆಗಿವೆಯೇ ಎಂದು ಹೋಲಿಸಿ ಇಟ್ಟುಕೊಳ್ಳಬೇಕು, ಏಕೆಂದರೆ ಆ ಕ್ಯಾಮೆರಾದ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತು) ಮತ್ತು ಸೀರಿಯಲ್ ಸಂಖ್ಯೆ ಇರುವುದು ಹೆಚ್ಚಾಗಿ ಅಲ್ಲಿಯೇ. ಮುಚ್ಚುವಾಗ ರಬ್ಬರ್ ಸೀಲನ್ನು ಒರೆಸಿ, ಹೊಸ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಸಾಧ್ಯವಾದರೆ ಮಳೆ ಬಿಟ್ಟ ದಿನವೇ ಮುಚ್ಚಬೇಕು. ಒಳಗೆ ಸೇರಿಕೊಂಡ ತೇವ ರಾತ್ರಿಯ ತಂಪಿಗೆ ಗಾಜಿನ ಮೇಲೆ ಮಂಜಾಗಿ ನಿಲ್ಲುತ್ತದೆ.

ಕಂಪನಿ ಕೈಬಿಟ್ಟ ಮಾದರಿಗೆ ಹೊಸ ಫರ್ಮ್‌ವೇರ್ ಬರುವುದಿಲ್ಲ. ಕೆಲವು ಚಿಪ್ಪುಗಳಿಗೆ ಓಪನ್‌ಐಪಿಸಿ ಎಂಬ ಮುಕ್ತ ಫರ್ಮ್‌ವೇರ್ ಇದೆ, ಕಲಿಯುವ ಆಸಕ್ತಿ ಇರುವವರಿಗೆ ಒಳ್ಳೆಯದು. ಉಳಿದವರಿಗೆ ನನ್ನ ಸಲಹೆ, ಕ್ಯಾಮೆರಾವನ್ನು ಉಳಿಸಿಕೊಂಡು ಅದರ ಇಂಟರ್ನೆಟ್ ದಾರಿಯನ್ನು ಮುಚ್ಚುವುದು: ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಕ್ಯಾಮೆರಾಗೆ ತೆರೆದ ದಾರಿ) ಮತ್ತು ಯುಪಿಎನ್‌ಪಿ (ಅಂಥ ದಾರಿಯನ್ನು ತಾನಾಗಿ ತೆರೆಯುವ ವ್ಯವಸ್ಥೆ) ತೆಗೆಯುವುದು, ಕ್ಯಾಮೆರಾದ ಕ್ಲೌಡ್ ಸೇವೆಯನ್ನು ನಿಲ್ಲಿಸುವುದು, ದೃಶ್ಯ ದಾಖಲಿಸುವ ಎನ್‌ವಿಆರ್‌ಗೆ ಮಾತ್ರ ಅದು ಕಾಣುವಂತೆ ಮಾಡುವುದು. ಬೆಂಗಳೂರಿನಲ್ಲಿರುವ ಮಕ್ಕಳು ಊರಿನ ಅಂಗಳ ನೋಡಬೇಕೆಂದರೆ ಅದಕ್ಕೆ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಸುರಕ್ಷಿತ ಖಾಸಗಿ ದಾರಿ) ಇದೆ. ಕ್ಯಾಮೆರಾವನ್ನೇ ಬಯಲಿಗೆ ತರಬೇಕಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ನಿಯಮಗಳನ್ನು ಪ್ರಕಟಿಸಿದೆ, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಈಗಾಗಲೇ ಗೋಡೆಯ ಮೇಲಿರುವವುಗಳ ಹೊಣೆ ನಮ್ಮದೇ.

ಮರಳಿ ಹತ್ತಿಸುವ ಮೊದಲು ಗಡಿಯಾರ ನೋಡಲು ಮರೆಯಬಾರದು. ಫರ್ಮ್‌ವೇರ್ ಹೊಸದಾಗಿ ಬರೆದ ಕ್ಯಾಮೆರಾ 1970ರ ದಿನಾಂಕವನ್ನೋ ಚೀನಾದ ಸಮಯವನ್ನೋ ತೋರಿಸುವುದುಂಟು, ಮತ್ತು ಇಂಟರ್ನೆಟ್ ಮುಚ್ಚಿದ ಮೇಲೆ ಅದು ತಾನಾಗಿ ಸರಿಹೋಗುವುದಿಲ್ಲ. ಕಳ್ಳತನವಾದ ದಿನ ಠಾಣೆಗೆ ಕೊಡುವ ದೃಶ್ಯದ ಮೇಲೆ ತಪ್ಪು ಸಮಯವಿದ್ದರೆ ಅದರ ಬಲವೇ ಕುಗ್ಗುತ್ತದೆ. ಆದ್ದರಿಂದ ಕಾಲವಲಯವನ್ನು ಜಿಎಂಟಿಗಿಂತ 5 ಗಂಟೆ 30 ನಿಮಿಷ ಮುಂದಕ್ಕೆ ಇಟ್ಟು, ಸಮಯ ಸರ್ವರಿನ ಜಾಗದಲ್ಲಿ ಎನ್‌ವಿಆರ್ ಅಥವಾ ರೂಟರಿನ ವಿಳಾಸ ಕೊಟ್ಟು, ಒಂದು ರಾತ್ರಿಯ ರೆಕಾರ್ಡಿಂಗನ್ನು ಮೇಜಿನ ಮೇಲೆಯೇ ಪೂರ್ತಿ ತೆಗೆದು ನೋಡಿದ ಮೇಲೆ ಏಣಿ ಹತ್ತಿ.