ನಾಲ್ಕನೇ ಮಾತು

ಶುಭ ಶುಕ್ರವಾರ ನಮ್ಮ ಚರ್ಚಿನಲ್ಲಿ ಮೂರು ತಾಸಿನ ಆರಾಧನೆ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ಮೂರಕ್ಕೆ ಮುಗಿಯುತ್ತದೆ. ಯೇಸು ಶಿಲುಬೆಯ ಮೇಲಿದ್ದಾಗ ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ದೇಶದ ಮೇಲೆಲ್ಲ ಕತ್ತಲೆ ಕವಿಯಿತು ಎಂದು ಸುವಾರ್ತೆಯಲ್ಲಿದೆಯಲ್ಲ, ಅದೇ ಹೊತ್ತು. ಆತ ಶಿಲುಬೆಯಿಂದ ಆಡಿದ ಏಳು ಮಾತುಗಳನ್ನು ಏಳು ಜನ ಹಂಚಿಕೊಂಡು ಪ್ರಸಂಗ ಮಾಡುತ್ತಾರೆ. ನಡುನಡುವೆ ಹಾಡು, ಪ್ರಾರ್ಥನೆ, ಮಾತಿಲ್ಲದೆ ಕೂರುವ ಹೊತ್ತು. 17ನೇ ಶತಮಾನದ ಕೊನೆಯಲ್ಲಿ ದೂರದ ಪೆರು ದೇಶದ ಲಿಮಾ ಪಟ್ಟಣದಲ್ಲಿ ಒಬ್ಬ ಜೆಸ್ವಿಟ್ ಪಾದ್ರಿ ಆರಂಭಿಸಿದ ಪದ್ಧತಿ ಇದು. ಕ್ಯಾಥೊಲಿಕರಿಂದ ಪ್ರೊಟೆಸ್ಟೆಂಟರಿಗೂ ಬಂತು, ಧಾರವಾಡದ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೂ ಬಂತು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ತಾವು ಒಂದೆರಡು ಮಾತು ಇಟ್ಟುಕೊಂಡು ಉಳಿದವನ್ನು ಸಭೆಯವರಿಗೇ ಕೊಡುತ್ತಾರೆ. ಟೀಚರು, ನರ್ಸು, ಕಾಲೇಜು ಹುಡುಗರು, ಯಾರಾದರೂ ಸರಿ.

ಅಪ್ಪ ತೀರಿಕೊಂಡ ಮುಂದಿನ ವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾಗುವ ಬೂದಿ ಬುಧವಾರದ ಆರಾಧನೆ ಮುಗಿಸಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಯ್ಯನವರು ಕರೆದರು.

"ಈ ಸಲ ನಾಲ್ಕನೇ ಮಾತು ನೀವು ತೊಗೊಳ್ರಿ."

ನಾಲ್ಕನೆಯದು ಯಾವುದು ಅಂತ ಕೇಳಬೇಕಾಗಿರಲಿಲ್ಲ. 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?'

"ನನಗ ಬ್ಯಾಡ್ರಿ ಅಯ್ಯನವರ. ಬ್ಯಾರೆ ಯಾವುದರ ಕೊಡ್ರಿ."

"ಬ್ಯಾರೆಯವರಿಗೆ ಕೊಟ್ರ ಪುಸ್ತಕ ನೋಡಿ ಹೇಳ್ತಾರ. ನಿಮಗ ಇದು ಗೊತ್ತದ" ಎಂದರು. ಮುಂದೆ ಒತ್ತಾಯ ಮಾಡಲಿಲ್ಲ. ನಾನು ಆಯಿತು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಭಾನುವಾರ ನೋಡಿದರೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಅದಕ್ಕೆ ಅಪ್ಪನ ವಿಷಯ ಹೇಳಬೇಕು.

ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ರೊಟ್ಟಿ ಬುಟ್ಟಿ ಎತ್ತಿಟ್ಟು, ನೆಲ ಒರೆಸಿ, ಜಮಖಾನ ಹಾಸುವುದು. ಅಪ್ಪ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದು ಅಧ್ಯಾಯ ಓದುವುದು. ಅವನ ಸತ್ಯವೇದದ ರಟ್ಟು ಎಂದೋ ಕಿತ್ತುಹೋಗಿ, ಹಳೆ ಪ್ಯಾಂಟಿನ ಬಟ್ಟೆ ಕತ್ತರಿಸಿ ತಾನೇ ಅಂಟಿಸಿದ್ದ. ಓದಿದ ಮೇಲೆ ಮೊಣಕಾಲೂರಿ ಪ್ರಾರ್ಥನೆ. ನಮ್ಮೆಲ್ಲರ ಹೆಸರು ಒಂದೊಂದಾಗಿ ಬರುತ್ತಿತ್ತು. ಆಮೇಲೆ ಓಣಿಯವರ ಹೆಸರು. ಹಾಲು ಹಾಕುವವನ ಮಗನ ಪರೀಕ್ಷೆ, ಎದುರು ಮನೆಯ ಅಜ್ಜಿಯ ಕಣ್ಣಿನ ಆಪರೇಶನ್, ಬಾರದ ಮಳೆ. 'ದಯಪಾಲಿಸು', 'ಅನುಗ್ರಹಿಸು', 'ನಿನ್ನ ಕೃಪಾಸನದ ಮುಂದೆ' ಇಂಥ ಮಾತೆಲ್ಲ ಅವನ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಅವ್ವ ಕೊನೆಗೆ ಆಮೆನ್ ಅನ್ನುತ್ತಿದ್ದಳು. ನಾನೂ ಅನ್ನುತ್ತಿದ್ದೆ.

ನಮ್ಮದು ಹಳೆಯ ಬಾಸೆಲ್ ಮಿಶನ್ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು 1837ರಲ್ಲಿ ಧಾರವಾಡದಲ್ಲೂ ಕೆಲಸ ಆರಂಭಿಸಿದರು. ಮುಂದೆ ನಮ್ಮ ಮುತ್ತಜ್ಜನ ಕಾಲಕ್ಕೆ ನಮ್ಮ ಮನೆತನ ಕ್ರಿಸ್ತನನ್ನು ನಂಬಿತು. ಹಾಗಾಗಿ ನನಗೆ ದೇವರು ಹುಟ್ಟಿದಾಗಿನಿಂದ ಮನೆಯಲ್ಲೇ ಇದ್ದವನು. ಸಂಡೇ ಸ್ಕೂಲಿನಲ್ಲಿ 23ನೇ ಕೀರ್ತನೆ ಬಾಯಿಪಾಠ, ದೃಢೀಕರಣಕ್ಕೆ ಮುಂಚೆ ಹತ್ತು ಆಜ್ಞೆಗಳು, ವಿಶ್ವಾಸ ಪ್ರಮಾಣ ಎಲ್ಲ ಬಾಯಿಪಾಠ. ಅದರಲ್ಲಿ ಕೊರತೆ ಏನೂ ಇರಲಿಲ್ಲ. ಆದರೆ ದೇವರ ಹತ್ತಿರ ನಮ್ಮ ಮನೆಯ ಪರವಾಗಿ ಮಾತಾಡುವವನು ಅಪ್ಪ. ನಾನು ಪಕ್ಕದಲ್ಲಿ ಕೂತವಳು.

ಅಪ್ಪನಿಗೆ ಕಿಡ್ನಿ ಕೆಟ್ಟಿತು. ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬರುವುದೇ ಮನೆಯ ದಿನಚರಿ ಆಯಿತು. ಸಭೆಯವರು ಉಪವಾಸ ಪ್ರಾರ್ಥನೆ ಮಾಡಿದರು. ಸ್ತ್ರೀಯರ ಕೂಟದವರು ಮನೆಗೆ ಬಂದು ಹಾಡಿದರು. ಅಪ್ಪನೂ ತನಗಾಗಿ ಕೇಳಿಕೊಂಡ. ಮಳೆಗಾಲದಲ್ಲಿ ತೀರಿಕೊಂಡ. ಮಣ್ಣು ಕೊಟ್ಟು ಬಂದ ದಿನ ಬಹಳ ಜನ ನನ್ನ ಕೈ ಹಿಡಿದು "ದೇವರ ಚಿತ್ತ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನನಗೆ ಅದು ಬಾಗಿಲು ಹಾಕಿದ ಹಾಗೆ ಕೇಳಿಸಿತು. ಆಮೇಲೆ ಮಾತಾಡಲಿಕ್ಕೆ ಏನು ಉಳಿಯುತ್ತದೆ?

ಜಮಖಾನ ಹಾಸುವುದು ನಿಂತುಹೋಯಿತು. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ, ಕರ್ತನ ಭೋಜನ ತೆಗೆದುಕೊಳ್ಳುತ್ತಿದ್ದೆ. ಪರಲೋಕದ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುತ್ತಿದ್ದೆ. ಒಬ್ಬಳೇ ಇದ್ದಾಗ ಮಾತ್ರ ಒಂದು ಶಬ್ದ ಹೊರಡುತ್ತಿರಲಿಲ್ಲ. ಇದನ್ನು ಅಯ್ಯನವರಿಗೆ ಒಮ್ಮೆ ಹೇಳಿದ್ದೆ. ಅದಕ್ಕೇ ಅವರು "ನಿಮಗ ಇದು ಗೊತ್ತದ" ಎಂದದ್ದು.

ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತುತ್ತೇನೆ. ಪ್ರಸಂಗಕ್ಕೆ ತಯಾರಿ ಮಾಡಬೇಕಲ್ಲ ಅಂತ ಲೆಂಟ್ ದಿನಗಳಲ್ಲಿ ಬಸ್ಸಿನಲ್ಲಿ ಕೂತು ಸತ್ಯವೇದ ಓದತೊಡಗಿದೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು ಎಂದು ಗೊತ್ತಿತ್ತು. ಪೂರ್ತಿ ಕೀರ್ತನೆಯನ್ನು ನಿಧಾನವಾಗಿ ಓದಿದ್ದು ಆಗಲೇ. ತಲೆಬರಹದಲ್ಲಿ ಇದನ್ನು ಹಾಡಬೇಕಾದ ಧಾಟಿಯ ಹೆಸರಿದೆ, ಉದಯದ ಜಿಂಕೆ ಅಂತ. ನಮ್ಮ ಕಡೆ ಚಿಗರಿ ಅಂದರೂ ಜಿಂಕೆಯೇ. ಚಿಗರಿಯಲ್ಲಿ ಕೂತು ಅದನ್ನು ಓದಿ ಎಷ್ಟೋ ದಿನಗಳ ಮೇಲೆ ಸತ್ಯವೇದ ಹಿಡಿದು ಖುಷಿಪಟ್ಟೆ.

ಕೀರ್ತನೆ ಮಾತ್ರ ಖುಷಿಯದಲ್ಲ. ಹಗಲು ಕೂಗುತ್ತೇನೆ, ನೀನು ಉತ್ತರ ಕೊಡುವುದಿಲ್ಲ, ರಾತ್ರಿಯೂ ನನಗೆ ಸಮಾಧಾನವಿಲ್ಲ ಎನ್ನುತ್ತಾನೆ ಅದನ್ನು ಹಾಡಿದ ಅರಸ ದಾವೀದ. ನಂತರದ ಎರಡು ಮೂರು ವಚನಗಳು ನನ್ನನ್ನು ಹಿಡಿದು ನಿಲ್ಲಿಸಿದವು. ನಮ್ಮ ಹಿರಿಯರು ನಿನ್ನನ್ನು ನಂಬಿದರು, ನಿನಗೆ ಮೊರೆಯಿಟ್ಟರು, ನೀನು ಅವರನ್ನು ಬಿಡಿಸಿದೆ. ಅಲ್ಲಿಂದ ನೇರವಾಗಿ, ನಾನಾದರೋ ಹುಳ, ಮನುಷ್ಯನೇ ಅಲ್ಲ. ಅಂದರೆ ಅವನ ಮನೆಯಲ್ಲೂ ನಂಬಿದ ಹಿರಿಯರಿದ್ದರು. ಅವರ ಕಥೆಗಳೆಲ್ಲ ಅವನಿಗೆ ಗೊತ್ತು. ಆ ಕಥೆಗಳಿಂದ ಅವನ ಇವತ್ತಿನ ನೋವು ಕಡಿಮೆ ಆಗಲಿಲ್ಲ. ಅವರಿಗೆ ಉತ್ತರ ಕೊಟ್ಟವನು ನನಗೆ ಯಾಕೆ ಕೊಡುವುದಿಲ್ಲ ಅಂತ ಇನ್ನೂ ಜಾಸ್ತಿ ಆಯಿತು. ಆದರೆ ಅದನ್ನು ಅವನು ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಿಲ್ಲ. ದೇವರಿಗೇ ಹೇಳುತ್ತಿದ್ದಾನೆ. ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದಾನೆ.

ಸಾಯುವ ಹೊತ್ತಿನಲ್ಲಿ ಯೇಸುವಿನ ಬಾಯಿಗೆ ಬಂದದ್ದೂ ಇದೇ ಮಾತು. ಏಳು ಮಾತುಗಳಲ್ಲಿ ಮೂರನ್ನು ಲೂಕ, ಮೂರನ್ನು ಯೋಹಾನ ತಮ್ಮ ಸುವಾರ್ತೆಗಳಲ್ಲಿ ಬರೆದಿದ್ದಾರೆ. ಮತ್ತಾಯ, ಮಾರ್ಕ ಇಬ್ಬರೂ ಬರೆದದ್ದು ಇದೊಂದನ್ನೇ. ಜೋರ್ಡನ್ ಹೊಳೆಯಲ್ಲಿ ದೀಕ್ಷಾಸ್ನಾನ ಆದಾಗ ಇವನು ನನ್ನ ಪ್ರಿಯ ಮಗನು ಅಂತ ಮೇಲಿನಿಂದ ಧ್ವನಿ ಬಂದಿತ್ತು. ಬೆಟ್ಟದ ಮೇಲೆ ರೂಪ ಬದಲಾದಾಗಲೂ ಬಂದಿತ್ತು. ಶಿಲುಬೆಯ ಹತ್ತಿರ ಬರಲಿಲ್ಲ. ಕೆಳಗೆ ನಿಂತವರು ಹಿಂದಿನ ಕಾಲದ ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಎಂದುಕೊಂಡರು, ಅಷ್ಟೆ. ದೇವರ ಮಗನಿಗೂ ಆ ಹೊತ್ತಿನಲ್ಲಿ ಉತ್ತರ ಸಿಗಲಿಲ್ಲ ಎನ್ನುವುದನ್ನು ಪ್ರತಿ ವರ್ಷ ಕೇಳಿದ್ದೆ. ಹಾಗೆ ಕೂಗಿದವನನ್ನು ತಂದೆ ಬೈಯಲಿಲ್ಲ, ಮೂರನೇ ದಿನ ಎಬ್ಬಿಸಿದ ಎನ್ನುವುದನ್ನು ಇದರ ಜೊತೆ ಇಟ್ಟು ನೋಡಿರಲಿಲ್ಲ.

ಒಂದು ಸಂಜೆ ವಾಪಸು ಬರುವಾಗ ಬಸ್ಸು ತುಂಬಾ ರಶ್ ಇತ್ತು. ಉಣಕಲ್ ಕೆರೆ ದಾಟುವ ಹೊತ್ತಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೂತೆ. ಏನೂ ಯೋಚಿಸದೆ ಮನಸ್ಸಿನೊಳಗೆ ಮಾತು ಹೊರಟಿತು. "ದೇವರ, ನನಗ ನಿನ್ನ ಮ್ಯಾಲೆ ಭಾಳ ಸಿಟ್ಟು ಬಂದದ. ಅಪ್ಪ ಓಣಿ ಮಂದಿಗೆಲ್ಲ ಬೇಡಿಕೊಂಡ. ಅವಂದೊಂದು ನಿನಗ ಕೇಳಲಿಲ್ಲೇನು?" ಅಷ್ಟಕ್ಕೇ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪನ ಕೈ ಉಬ್ಬಿಹೋಗಿ ಗಡಿಯಾರ ಕಟ್ಟಲಿಕ್ಕೆ ಬರುತ್ತಿರಲಿಲ್ಲ. ಅವ್ವ ರಾತ್ರಿಯೆಲ್ಲ ವಾರ್ಡಿನ ಹೊರಗೆ ನೆಲದ ಮೇಲೆ ಮಲಗುತ್ತಿದ್ದಳು. ಎಲ್ಲ ಹೇಳಿದೆ. ದಯಪಾಲಿಸು, ಅನುಗ್ರಹಿಸು ಒಂದೂ ಇರಲಿಲ್ಲ. ನಾನು ಅವ್ವನ ಹತ್ತಿರ ಜಗಳ ಆಡುವಾಗ ಆಡುವ ಮಾತೇ ಅಲ್ಲಿದ್ದದ್ದು. ಟೋಲ್ ನಾಕಾ ಬಂದರೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ನೀರಿನ ಬಾಟಲಿ ಕೊಟ್ಟಳು.

ಧ್ವನಿ ಕೇಳಲಿಲ್ಲ, ಬೆಳಕು ಕಾಣಲಿಲ್ಲ. ಅಪ್ಪ ಯಾಕೆ ಹೋದ ಎಂಬುದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆದರೆ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೇ ನಿನ್ನೆ ಬಿಟ್ಟಲ್ಲಿಂದ ಮುಂದುವರಿಸಬೇಕು ಅನ್ನಿಸಿತು. ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಎದುರಿಗೆ ಒಬ್ಬರು ಇರಬೇಕಲ್ವಾ? ಆತ ಇದ್ದ. ಅದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಅಪ್ಪನ ಪಕ್ಕ ಕೂತು ಆಮೆನ್ ಅಂದ ವರ್ಷಗಳಲ್ಲಿ ಆತ ನನಗೆ ಇಷ್ಟು ಹತ್ತಿರ ಯಾವತ್ತೂ ಇರಲಿಲ್ಲ.

ದಿನ ಕಳೆದಂತೆ ಸಿಟ್ಟಿನ ಜೊತೆ ಬೇರೆ ಮಾತೂ ಬರತೊಡಗಿದವು. ಆಫೀಸಿನ ತಾಪತ್ರಯ, ಅವ್ವನ ಮಂಡಿನೋವು, ತಮ್ಮನ ಮದುವೆ. ಒಂದೊಂದು ದಿನ ಏನೂ ಹೇಳುವುದು ಇರುತ್ತಿರಲಿಲ್ಲ, ಸುಮ್ನೆ ಕೂತು ಬರುತ್ತಿದ್ದೆ. ಅದೇ 22ನೇ ಕೀರ್ತನೆಯಲ್ಲಿ ತಾಯಿಯ ಹೊಟ್ಟೆಯಿಂದ ನನ್ನನ್ನು ಬರಮಾಡಿದವನು ನೀನು, ಮೊಲೆಹಾಲು ಕುಡಿಯುವಾಗಲೇ ನಿನ್ನನ್ನು ನಂಬುವಂತೆ ಮಾಡಿದವನು ನೀನು ಎಂಬ ಮಾತಿದೆ. ಅಷ್ಟು ಬೈದ ಮೇಲೆ ಅದು ಬರುತ್ತದೆ. ಕೊನೆಗೆ ಹೋಗುತ್ತಾ, ಕಷ್ಟಪಡುವವನ ಕಡೆಯಿಂದ ಆತ ಮುಖ ತಿರುಗಿಸಲಿಲ್ಲ, ಮೊರೆಯಿಟ್ಟಾಗ ಕೇಳಿದ ಎಂದು ಅವನೇ ಸಾಕ್ಷಿ ಹೇಳುತ್ತಾನೆ. ಅಲ್ಲಿಗೆ ಹೇಗೆ ಬಂದ ಎಂದು ಕೀರ್ತನೆ ವಿವರಿಸುವುದಿಲ್ಲ. ನಾನೂ ವಿವರಿಸಲಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ನಿಲ್ಲುವವರು ಪ್ರಾರ್ಥನೆಗೆ ಉತ್ತರ ಸಿಕ್ಕವರೇ. ಕೆಲಸ ಸಿಕ್ಕಿತು, ಮಗು ಆಯಿತು, ರಿಪೋರ್ಟ್ ನಾರ್ಮಲ್ ಬಂತು, ಸ್ತೋತ್ರ. ನನಗೂ ಅದನ್ನು ಕೇಳಿ ಸಂತೋಷವೇ. ಉತ್ತರ ಸಿಗದವರು ಎಲ್ಲಿ ನಿಲ್ಲಬೇಕು? 150 ಕೀರ್ತನೆಗಳಲ್ಲಿ ಅಳುವ, ದೂರು ಕೊಡುವ ಕೀರ್ತನೆಗಳು ಒಂದೆರಡಲ್ಲ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ. ಆರಾಧನೆಯಲ್ಲಿ ಓದಲಿಕ್ಕೇ ಇಟ್ಟಿದ್ದಾರೆ. ನಾವು ಮಾತ್ರ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇವೆ. ಇದರಿಂದ ಎಷ್ಟೋ ಜನ ದೇವರ ಮುಂದೆ ಬಾಯಿ ಬಿಡದೆ ವರ್ಷಗಟ್ಟಲೆ ಕೂತಿರುತ್ತಾರೆ ಎಂದು ನಾನು ನಂಬುತ್ತೇನೆ.

ಶುಭ ಶುಕ್ರವಾರ ಬಂತು. ಏಪ್ರಿಲ್ ಬಿಸಿಲು. ಚರ್ಚಿನ ತುಂಬ ಬಿಳಿ ಸೀರೆ, ಬಿಳಿ ಅಂಗಿ. ಉಪವಾಸ ಇದ್ದವರ ಮುಖ ಬಾಡಿತ್ತು. ಫ್ಯಾನುಗಳು ಎಷ್ಟು ತಿರುಗಿದರೂ ಗಾಳಿ ಸಾಲುತ್ತಿರಲಿಲ್ಲ. ಮೂರನೇ ಮಾತು ಮುಗಿದು ಹಾಡು ಶುರುವಾದಾಗ ನನ್ನ ಕೈ ತಣ್ಣಗಾಗಿತ್ತು. ಅಪ್ಪ ಪಾಠ ಓದುತ್ತಿದ್ದ ಅದೇ ಮೈಕಿನ ಮುಂದೆ ನಿಂತೆ. ಬರೆದುಕೊಂಡ ಹಾಳೆ ಇತ್ತು. ಮೊದಲು ಕೀರ್ತನೆಯನ್ನು ಪೂರ್ತಿ ಓದಿದೆ. ಆಮೇಲೆ ಹಾಳೆ ಮಡಚಿ, ಅಪ್ಪ ಹೋದ ಮೇಲೆ ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ ಎಂದೆ. ದೇವರ ಮೇಲೆ ಸಿಟ್ಟು ಬಂದಿತ್ತು, ಅದನ್ನು ಆತನಿಗೇ ಹೇಳಿದೆ, ಆತ ಹೇಳಗೊಟ್ಟ ಎಂದೆ. ಯೇಸುವೇ ಹೀಗೆ ಕೂಗಿದ ಮೇಲೆ ನಮ್ಮ ಕೂಗು ಆತನಿಗೆ ಹೊಸದಲ್ಲ ಎಂದೆ. ಜಾಸ್ತಿ ಹೊತ್ತು ಮಾತಾಡಲಿಲ್ಲ. ಹಿರಿಯರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಇತ್ತು. ಯಾರೂ ಏನೂ ಅನ್ನಲಿಲ್ಲ.

ಮೂರು ಗಂಟೆಗೆ ಎಲ್ಲ ಮುಗಿದು ಹೊರಗೆ ಬೇವಿನ ಮರದ ಕೆಳಗೆ ನಿಂತಾಗ ನಮ್ಮ ಸಭೆಯ ಅಜ್ಜಿಯೊಬ್ಬರು ಹತ್ತಿರ ಬಂದರು. ಮಗ ತೀರಿಕೊಂಡು ಬಹಳ ವರ್ಷಗಳಾಗಿವೆ. ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲೇ ಕೂರುತ್ತಾರೆ.

"ನಾ ಬರ್ತೀನಿ, ಕೂಡ್ತೀನಿ, ಹೋಗ್ತೀನವಾ ಅಷ್ಟ" ಎಂದರು. "ಅವ ಹೋದಾಗಿಂದ ಒಂದು ಮಾತು ಕೇಳಬೇಕಂತ ಇಟ್ಕೊಂಡೀನಿ. ಕೇಳಿದ್ರ ದೇವ್ರು ಸಿಟ್ಟಾಗ್ತಾನಂತ ಬಿಟ್ಟಿದ್ದೆ. ಇವತ್ತ ಮನಿಗೆ ಹೋಗಿ ಕೇಳ್ತೀನಿ."

ಏನು ಕೇಳಿದರೋ, ನಾನು ವಿಚಾರಿಸಿಲ್ಲ. ಅದು ಅವರಿಬ್ಬರ ನಡುವಿನ ವಿಷಯ.

ಈಸ್ಟರ್ ಮುಗಿದ ಮೇಲೆ ಒಂದು ರಾತ್ರಿ ಊಟವಾದ ನಂತರ ನಾನು ಜಮಖಾನ ಹಾಸಿದೆ. ಅವ್ವ ಏನೂ ಕೇಳದೆ ಬಂದು ಕೂತಳು. ಅಪ್ಪನ ಸತ್ಯವೇದದಿಂದ ಒಂದು ಅಧ್ಯಾಯ ಓದಿ, ಪ್ರಾರ್ಥನೆ ಮಾಡು ಎಂದು ಅವಳಿಗೆ ಹೇಳಿದೆ. ಹಿಂದೆಮುಂದೆ ನೋಡುತ್ತಾಳೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿದವಳೇ ಶುರು ಮಾಡಿದಳು.

"ತಂದೀ, ಅವರನ್ನ ಕರಕೊಂಡಿ. ನನ್ನ ಒಂದು ಮಾತು ಕೇಳಬೇಕಿತ್ತು ನೀನು. ಇರಲಿ. ಈಗ ಇಕಿ ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ, ಅದನ್ನ ನೋಡು. ಸಣ್ಣಾವಗ ಒಂದು ಛಲೋ ಹುಡುಗಿ ತೋರಿಸು. ನನ್ನ ಮಂಡಿ ಬಗ್ಗೆ ಮುಂಜಾನೇನ ಹೇಳೀನಿ, ಮತ್ತ ಹೇಳಂಗಿಲ್ಲ."

ಮುಗಿದ ಮೇಲೆ ಕೇಳಿದೆ, "ಮುಂಜಾನೆ ಯಾವಾಗ ಹೇಳಿದಿ ಅವ್ವಾ?"

"ರೊಟ್ಟಿ ಬಡಿಯೋವಾಗ. ಆವಾಗ ಅಲ್ಲೇನು ನನಗ ಪುರಸೊತ್ತು? ನಿಮ್ಮಪ್ಪ ಊರ ಮಂದಿಗೆಲ್ಲ ರಾತ್ರಿ ಬೇಡ್ಕೋತಿದ್ರು. ನಾ ಅವರಿಗೆ ಮುಂಜಾನೆ ಬೇಡ್ಕೋತಿದ್ದೆ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ. ಈಗ ರಾತ್ರಿ ಪ್ರಾರ್ಥನೆಗೆ ಪಾಳಿ ಹಾಕಿಕೊಂಡಿದ್ದೇವೆ, ಒಂದು ದಿನ ಅವಳದು, ಒಂದು ದಿನ ನನ್ನದು. ಓಣಿಯವರ ಹೆಸರುಗಳನ್ನೂ ಮತ್ತೆ ಸೇರಿಸಿದ್ದೇವೆ. ಹಾಲು ಹಾಕುವವನ ಮಗ ಪಿಯುಸಿ ಪಾಸಾಗಿದ್ದಾನೆ, ಅವನಿಗೆ ಮುಂದೆ ಸೀಟು ಸಿಗಬೇಕು.