ಲೇಬಲ್ ಹರಿದಿರಿ, ರಿಬ್ಬನ್ ಎಲ್ಲಿ?

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ವಿಜಯಪುರದ ಒಣದ್ರಾಕ್ಷಿ ಎಲ್ಲ ಈಗ ಮನೆಯಿಂದಲೇ ಕೊರಿಯರ್ ಹತ್ತುತ್ತವೆ. ಮೇಜಿನ ಮೇಲೊಂದು ನಾಲ್ಕಿಂಚಿನ ಥರ್ಮಲ್ ಪ್ರಿಂಟರ್ (ಶಾಖದಿಂದ ಲೇಬಲ್ ಮುದ್ರಿಸುವ ಯಂತ್ರ) ಇದ್ದರೆ ಅಂಗಡಿ ಶುರು. ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರ್ ಹೊರಗೆ ಹೋಗದ ಹಾಗೆ ಏನು ಮಾಡುತ್ತೀರಿ ಎಂದು ಕೇಳಿದರೆ, "ಕೆಟ್ಟ ಲೇಬಲ್ ಹರದ್ ಒಗೀತೇವ್ರೀ" ಎಂಬ ಉತ್ತರ ಬರುತ್ತದೆ. ಹರಿಯುವುದು ಒಳ್ಳೆಯದೇ. ಆದರೆ ರಿಬ್ಬನ್, ಅಂದರೆ ಮಸಿ ಬಳಿದ ಹಾಳೆಯ ಸುರುಳಿ, ಹಾಕುವ ಪ್ರಿಂಟರ್ ಆಗಿದ್ದರೆ ಲೇಬಲ್ಲಿಗಿಂತ ಹೆಚ್ಚು ಮಾಹಿತಿ ಆ ರಿಬ್ಬನ್ನಿನಲ್ಲೇ ಉಳಿದಿರುತ್ತದೆ.

ನಿಮ್ಮ ಬಳಿ ಇರುವುದು ಯಾವ ಕಾಗದ ಎಂದು ತಿಳಿಯಲು ಖಾಲಿ ಲೇಬಲ್ ಮೇಲೆ ಉಗುರಿನಿಂದ ಜೋರಾಗಿ ಒಂದು ಗೆರೆ ಎಳೆಯಿರಿ. ಕಪ್ಪು ಗೆರೆ ಮೂಡಿದರೆ ಅದು ಡೈರೆಕ್ಟ್ ಥರ್ಮಲ್. ಬಣ್ಣ ಕಾಗದದ ಲೇಪದಲ್ಲೇ ಇದೆ, ಶಾಖ ತಾಗಿದ ಕಡೆ ಕಪ್ಪಾಗುತ್ತದೆ, ರಿಬ್ಬನ್ ಬೇಡ. ಗೆರೆ ಮೂಡದೆ, ಪ್ರಿಂಟರ್ ಒಳಗೆ ಎರಡು ಕೊಳವೆಗಳ ನಡುವೆ ಕಪ್ಪು ಹಾಳೆ ಸುತ್ತಿಕೊಂಡು ಓಡುತ್ತಿದ್ದರೆ ಅದು ಥರ್ಮಲ್ ಟ್ರಾನ್ಸ್‌ಫರ್.

ಈ ಕಪ್ಪು ಹಾಳೆ ಎಂದರೆ ತೆಳ್ಳನೆಯ ಪಾಲಿಯೆಸ್ಟರ್ ಮೇಲೆ ಬಳಿದ ಮೇಣದ ಮಸಿ. ಪ್ರಿಂಟರಿನ ಮುದ್ರಿಸುವ ಭಾಗವಾದ ಹೆಡ್ ಬಿಸಿಯಾದ ಕಡೆ ಮಸಿ ಕರಗಿ ಲೇಬಲ್ಲಿಗೆ ಅಂಟುತ್ತದೆ, ರಿಬ್ಬನ್ನಿನಲ್ಲಿ ಅಕ್ಷರದ ಆಕಾರದಲ್ಲೇ ಜಾಗ ಖಾಲಿಯಾಗುತ್ತದೆ. ಬಳಸಿದ ರಿಬ್ಬನ್ನನ್ನು ಒಂದು ಮೊಳ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ: ಕಪ್ಪಿನ ನಡುವೆ ಹೆಸರು, ಮನೆ ನಂಬರ್, ಹತ್ತಂಕಿಯ ಮೊಬೈಲ್ ನಂಬರ್ ಬೆಳ್ಳಗೆ ಕಾಣುತ್ತವೆ. ಒಂದು ದಿಕ್ಕಿನಿಂದ ತಿರುವುಮುರುವಾಗಿ ಕಂಡರೆ ಹಾಳೆ ಮಗುಚಿದರೆ ಆಯಿತು. ಲೇಬಲ್ ಎಷ್ಟು ಮುಂದೆ ಹೋಗುತ್ತದೋ ರಿಬ್ಬನ್ನೂ ಅಷ್ಟೇ ಹೋಗುವುದರಿಂದ ಒಂದರ ಮೇಲೊಂದು ಅಚ್ಚು ಬೀಳುವುದಿಲ್ಲ. ಸುತ್ತಿಕೊಂಡ ಉರುಳೆಯ ಹೊರ ಸುತ್ತಿನಲ್ಲಿ ಇವತ್ತಿನ ಗಿರಾಕಿ, ಒಳಗೆ ಹೋದಂತೆ ಹೋದ ತಿಂಗಳವರು, ಖಾತೆ ಪುಸ್ತಕದಂತೆ ಸಾಲಾಗಿ. 300 ಮೀಟರ್ ರಿಬ್ಬನ್ನಿನಲ್ಲಿ 150 ಮಿಲಿಮೀಟರ್ ಉದ್ದದ, 3 ಮಿಲಿಮೀಟರ್ ಸಂದಿನ ಲೇಬಲ್ ಸುಮಾರು 1,950 ಹಿಡಿಯುತ್ತವೆ. ಸಣ್ಣ ಪ್ರಿಂಟರಿನ 74 ಮೀಟರ್ ಉರುಳೆಯಲ್ಲೂ 480ರ ಹತ್ತಿರ. ಇದನ್ನು ಹಾಗೇ ಕಸದ ಗಾಡಿಗೆ ಹಾಕುವುದೆಂದರೆ ಅಷ್ಟೂ ಜನರ ಪಟ್ಟಿಯನ್ನು ಬೀದಿಗೆ ಹಾಕಿದ ಹಾಗೆ.

ರಿಬ್ಬನ್ ನಾಶ ಮಾಡಲು ಕಾಗದ ಕತ್ತರಿಸುವ ಶ್ರೆಡರ್‌ಗೆ ಹಾಕಬೇಡಿ. ಹಾಳೆ ಬ್ಲೇಡಿಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ. ಸುಡುವುದೂ ಬೇಡ, ಪ್ಲಾಸ್ಟಿಕ್ ಹೊಗೆ ಓಣಿಗೆಲ್ಲ ಹರಡುತ್ತದೆ. ಉರುಳೆ ಬಿಗಿಯಾಗಿ ಸುತ್ತಿರುವಾಗಲೇ ಅಂಚಿಗೆ ಟೇಪ್ ಹಚ್ಚಿ, ಹ್ಯಾಕ್ಸಾ ಗರಗಸದಿಂದ ಎರಡೆರಡು ಸೆಂಟಿಮೀಟರಿನ ಬಿಲ್ಲೆಗಳಾಗಿ ಕೊಯ್ಯಿರಿ. 110 ಮಿಲಿಮೀಟರ್ ಅಗಲಕ್ಕೆ ಐದಾರು ಬಿಲ್ಲೆ ಬರುತ್ತವೆ. ಆಮೇಲೆ ಪ್ರತಿ ಬಿಲ್ಲೆಯನ್ನು ಕಟರ್‌ನಿಂದ ಹೊರಗಿನಿಂದ ಕೊಳವೆಯವರೆಗೆ ಮೂರು ಕಡೆ ಸೀಳಿ. ಒಂದೇ ಕಡೆ ಸೀಳಿದರೆ ಸಾಲದು: ತುಂಬಿದ ಉರುಳೆಯ ಹೊರ ಸುತ್ತು 18–19 ಸೆಂಟಿಮೀಟರ್ ಇರುತ್ತದೆ, ಅಂದರೆ ಒಂದೊಂದು ಪಟ್ಟಿ ಇಡೀ ಲೇಬಲ್ಲಿನಷ್ಟು ಉದ್ದ. ಕೈಗೆ ಮಸಿ ಹತ್ತುತ್ತದೆ, ಕೆಳಗೆ ಹಳೆ ಪತ್ರಿಕೆ ಹಾಸಿಕೊಳ್ಳಿ.

ಕೊರಿಯರ್ ಲೇಬಲ್ಲಿನ ಆಯುಷ್ಯ ಹೆಚ್ಚೆಂದರೆ ಹದಿನೈದು ದಿನ. ಅದಕ್ಕೆ ರಿಬ್ಬನ್ ಯಾಕೆ? ಎರಡೂ ವಿಧಕ್ಕೆ ಒಗ್ಗುವ ಪ್ರಿಂಟರ್ ಇದ್ದರೆ ರಿಬ್ಬನ್ ತೆಗೆದು, ಕಂಪ್ಯೂಟರಿನ ಪ್ರಿಂಟರ್ ಡ್ರೈವರ್‌ನಲ್ಲಿ ಮೀಡಿಯಾ ಟೈಪನ್ನು ಡೈರೆಕ್ಟ್ ಥರ್ಮಲ್ ಎಂದು ಬದಲಿಸಿ, ಅದಕ್ಕೆ ತಕ್ಕ ರೋಲ್ ಹಾಕುವುದೇ ಸರಿ. ಬಿಸಿಲಿನಲ್ಲಿ ವರ್ಷಗಟ್ಟಲೆ ಉಳಿಯಬೇಕಾದ ಲೇಬಲ್ಲಿಗೆ ಮಾತ್ರ ರಿಬ್ಬನ್ ಇರಲಿ.

ಇನ್ನು ಡಬ್ಬಿಯ ಮೇಲಿನ ಲೇಬಲ್. ಮಾರ್ಕರ್ ತೀಡಿ ಸಮಾಧಾನಪಡುವವರೇ ಹೆಚ್ಚು. ಥರ್ಮಲ್ ಅಚ್ಚು ಮತ್ತು ಮಾರ್ಕರ್ ಮಸಿ ಎರಡೂ ಕಪ್ಪೇ, ಆದರೆ ಹೊಳಪು ಬೇರೆ. ಓರೆಯಾಗಿ ಬೆಳಕಿಗೆ ಹಿಡಿದರೆ ಅಕ್ಷರ ಓದಬಹುದು. ಡೈರೆಕ್ಟ್ ಥರ್ಮಲ್ ಲೇಬಲ್ಲಿಗೆ ಶಾಖವೇ ಮದ್ದು. ಲೇಬಲ್ ಕಿತ್ತು ರಟ್ಟಿಗೆ ಹಚ್ಚಿ, ಕಡಿಮೆ ಶಾಖದ ಇಸ್ತ್ರಿ ಪೆಟ್ಟಿಗೆಯನ್ನು ಐದಾರು ಸೆಕೆಂಡ್ ಒತ್ತಿದರೆ ಪೂರ್ತಿ ಕಪ್ಪಾಗುತ್ತದೆ. ಕೊರಿಯರ್ ಕವರ್ ಮೇಲೆ ನೇರ ಒತ್ತಬೇಡಿ, ಪ್ಲಾಸ್ಟಿಕ್ ಕರಗಿ ಇಸ್ತ್ರಿಗೆ ಅಂಟುತ್ತದೆ. ಸ್ಯಾನಿಟೈಸರ್ ಸವರಿದರೂ ಅಗ್ಗದ ಲೇಬಲ್ ಕಪ್ಪಾಗುತ್ತದೆ, ಮೇಲೆ ರಕ್ಷಣಾ ಲೇಪ ಇರುವ ಲೇಬಲ್ ಜಗ್ಗುವುದಿಲ್ಲ. ಬಿಸಿಲಿಗೆ ಅಕ್ಷರ ಮಾಸಿದೆ ಎಂದು ಮಾತ್ರ ನಂಬಬೇಡಿ: ಮಾಸಿದ ಕಾಗದಕ್ಕೆ ಮೆಲ್ಲಗೆ ಶಾಖ ಕೊಟ್ಟರೆ ಸುತ್ತಲಿನ ಭಾಗ ಕಪ್ಪಾಗಿ ಹಳೆ ಅಕ್ಷರ ತಿಳಿಯಾಗಿ ಮತ್ತೆ ಕಾಣುವುದುಂಟು.

ಬಾರ್‌ಕೋಡ್ ಮೇಲೆ ಪೆನ್ನಿನಿಂದ ಅಡ್ಡ ಗೆರೆ ಎಳೆಯುವುದು ದಂಡ. ಪಟ್ಟಿಗಳ ಎತ್ತರದಲ್ಲಿ ಎಲ್ಲಿಯಾದರೂ ಒಂದು ಸಣ್ಣ ಸಾಲು ಉಳಿದರೂ ಸ್ಕ್ಯಾನರ್ ಓದುತ್ತದೆ. ಮೇಲಿನಿಂದ ಕೆಳಗಿನವರೆಗೆ ಹಲವು ಪಟ್ಟಿಗಳನ್ನೇ ಕಿತ್ತು ತೆಗೆಯಬೇಕು. ಕ್ಯೂಆರ್ ಕೋಡ್ ಇನ್ನೂ ಗಟ್ಟಿ, ಅದರ ಅತಿ ಹೆಚ್ಚಿನ ತಿದ್ದುವಿಕೆ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ಓದಲು ಬರುತ್ತದೆ. ನಿಮ್ಮದೇ ಲೇಬಲ್ ವಿನ್ಯಾಸವಿದ್ದರೆ ಅದರ ಕೋಡನ್ನು ನಿಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿ. ಹೆಸರು, ನಂಬರ್ ಸೀದಾ ಮೂಡಿದರೆ ತೆಗೆದು ಬರೀ ಆರ್ಡರ್ ನಂಬರ್ ಇಡಿ. ಸೀರೆಯ ಹೆಸರು, ಬೆಲೆ ಹೊರಗೆ ಬೇಕಿಲ್ಲ, ಚೀಟಿ ಮಾಡಿ ಒಳಗೆ ಹಾಕಿ. ರದ್ದಿ ಅಂಗಡಿಯ ಹಳೆ ಡಬ್ಬಿ ಬಳಸುವವರು ಹಳೆ ಲೇಬಲ್ ಮೇಲೆ ಹೊಸದು ಹಚ್ಚುತ್ತಾರೆ, ಎರಡೂ ಒಟ್ಟಿಗೆ ಕಿತ್ತು ಬರುತ್ತವೆ.

ಕಂಪ್ಯೂಟರಿನಲ್ಲಿ ಉಳಿಯುವುದು ಕಣ್ಣಿಗೆ ಬೀಳುವುದಿಲ್ಲ. ಜೆರಾಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ಎದುರಿಗೇ ಅಳಿಸಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ. ನಿಮ್ಮದೇ ಕಂಪ್ಯೂಟರ್ ಆದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ 'ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್' ಟಿಕ್ ಇದ್ದರೆ ತೆಗೆಯಿರಿ. ಸಿಕ್ಕಿಕೊಂಡ ಕೆಲಸಗಳನ್ನು ತೆಗೆಯಲು ಸರ್ವೀಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಮುದ್ರಣದ ಕೆಲಸಗಳನ್ನು ಸಾಲಿನಲ್ಲಿಡುವ ಸೇವೆ) ನಿಲ್ಲಿಸಿ, ವಿಂಡೋಸ್‌ನ ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ, ಸ್ಪೂಲರ್ ಮತ್ತೆ ಶುರು ಮಾಡಿ. ಉದ್ದೇಶ ಮುಗಿದ ಮಾಹಿತಿ ಅಳಿಸಬೇಕೆಂಬ ಮಾತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಜಿಎಸ್‌ಟಿ ಲೆಕ್ಕಕ್ಕೆ ಬೇಕಾದದ್ದು ಇನ್‌ವಾಯ್ಸ್, ಲೇಬಲ್ ಅಲ್ಲ.

ವೈಫೈ ಪ್ರಿಂಟರ್‌ಗಳಲ್ಲಿ ಬಹಳಷ್ಟು 9100ನೇ ಪೋರ್ಟಿಗೆ (ನೆಟ್‌ವರ್ಕಿನಿಂದ ಮುದ್ರಣದ ಡೇಟಾ ಬರುವ ದಾರಿಗೆ) ಬಂದದ್ದನ್ನು ಪಾಸ್‌ವರ್ಡ್ ಕೇಳದೆ ಮುದ್ರಿಸುತ್ತವೆ, ಡೇಟಾ ಬರುವುದೂ ಗೂಢಲಿಪಿಯ ರಕ್ಷಣೆಯಿಲ್ಲದೆ, ಬಿಚ್ಚುಬಿಚ್ಚಾಗಿ. ಗಿರಾಕಿಗಳಿಗೆ ಕೊಡುವ ವೈಫೈಗೆ ಅದನ್ನು ಸೇರಿಸಬೇಡಿ. ಯುಎಸ್‌ಬಿ ಸಾಕು. ಬ್ಲೂಟೂತ್ ಸಣ್ಣ ಪ್ರಿಂಟರಿನ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ. ಆಂಡ್ರಾಯ್ಡ್ 11ರವರೆಗೆ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಬೇಕಿತ್ತು. 12ರಿಂದ 'ನಿಯರ್‌ಬೈ ಡಿವೈಸಸ್' ಎಂಬ ಬೇರೆ ಅನುಮತಿ ಬಂದಿದೆ.

ರಿಪೇರಿಗೆ ಕೊಡುವ ಮುಂಚೆ ಮುದ್ರಣಕ್ಕೆ ಕಾದಿರುವ ಕೆಲಸಗಳ ಕ್ಯೂ ಖಾಲಿ ಮಾಡಿ, ಪ್ರಿಂಟರ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಪೇಪರ್ ಮುಗಿದು ಅರ್ಧಕ್ಕೆ ನಿಂತ ಲೇಬಲ್ ಮೆಮೊರಿಯಲ್ಲಿ ಉಳಿದಿದ್ದರೆ, ರೋಲ್ ಹಾಕಿದ ಕೂಡಲೇ ಮೆಕ್ಯಾನಿಕ್ ಮುಂದೆ ಹೊರಬರುತ್ತದೆ. ಒಳಗೆ ಉಳಿಸಿಟ್ಟ ಲೇಬಲ್ ನಮೂನೆ, ಲೋಗೋ ಮಾತ್ರ ಪ್ರಿಂಟರ್ ಆಫ್ ಮಾಡಿದರೂ ಹೋಗುವುದಿಲ್ಲ, ಕಂಪನಿಯ ಯುಟಿಲಿಟಿ ಸಾಫ್ಟ್‌ವೇರಿನ ಫೈಲ್ ಪಟ್ಟಿಯಲ್ಲಿ ಹುಡುಕಿ ಅಳಿಸಬೇಕು. ಕೊನೆಗೆ ಮುಚ್ಚಳ ತೆಗೆದು ರಿಬ್ಬನ್ನಿನ ಎರಡೂ ಉರುಳೆ ಹೊರತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ಪರೀಕ್ಷಿಸಲು ಬೇಕಾದ ರಿಬ್ಬನ್ ಅವರ ಬಳಿ ಇರುತ್ತದೆ.