ನಳಂದದಲ್ಲಿ ನೋಡಬೇಕಾದ್ದು ಹಾಸ್ಟೆಲ್

ಬಿಹಾರದ ರಾಜಗೀರ್‌ನಿಂದ ಷೇರ್ ಆಟೊ ಹತ್ತಿದರೆ ಹಳೆಯ ಬೌದ್ಧ ವಿದ್ಯಾಕೇಂದ್ರ ನಳಂದ ಹತ್ತಿರವೇ. ಟಿಕೆಟ್ ತಗೊಂಡು ತೋಟ ದಾಟಿದ ಮೇಲೆ ಎರಡು ಎತ್ತರದ ಇಟ್ಟಿಗೆ ಗೋಡೆಗಳ ನಡುವೆ ಒಂದು ಓಣಿ ಬರುತ್ತದೆ. ಅದರಾಚೆ ಎಲ್ಲವೂ ಒಮ್ಮೆಗೇ ಕಾಣುತ್ತದೆ. ಪೂರ್ವಕ್ಕೆ ಸಾಲಾಗಿ ವಿಹಾರಗಳು, ಪಶ್ಚಿಮಕ್ಕೆ ದೇಗುಲಗಳು, ನಡುವೆ ಅಗಲವಾದ ದಾರಿ. ಇಲ್ಲಿಯವರೆಗೆ ಅಗೆದು ತೆಗೆದಿರುವುದು 11 ವಿಹಾರ, 6 ದೇಗುಲ.

ಎಲ್ಲರೂ ಮೊದಲು ಓಡುವುದು 3ನೇ ನಂಬರಿನ ದೇಗುಲಕ್ಕೆ. ಫೋಟೊಗಳಲ್ಲಿ ನಳಂದ ಅಂದರೆ ಅದೇ ಅಲ್ವಾ? ಚಿಕ್ಕದೊಂದು ಸ್ತೂಪದಿಂದ ಶುರುವಾಗಿ, ಹಳೆಯದರ ಮೇಲೆ ಹೊಸದನ್ನು ಹೊದಿಸುತ್ತಾ ಏಳು ಸಲ ಕಟ್ಟಿದ್ದಾರೆ. ಮೂಲೆಯ ಗೋಪುರಗಳ ಮೇಲೆ ಗಾರೆಯ ಬುದ್ಧ, ಬೋಧಿಸತ್ವರು ಇನ್ನೂ ಉಳಿದಿದ್ದಾರೆ. ಚೆನ್ನಾಗಿದೆ, ಆದರೆ ನನ್ನ ಹೊತ್ತೆಲ್ಲ ಕಳೆದದ್ದು ವಿಹಾರಗಳಲ್ಲೇ.

ವಿಹಾರ ಅಂದರೆ ಹಾಸ್ಟೆಲ್. ನಡುವೆ ಅಂಗಳ, ಸುತ್ತ ಜಗಲಿ, ಜಗಲಿಗೆ ಬಾಗಿಲು ತೆರೆಯುವ ಸಣ್ಣ ಸಣ್ಣ ಕೋಣೆಗಳು. ಕೆಲವು ಕೋಣೆಗಳಲ್ಲಿ ಮಲಗೋಕೆ ಇಟ್ಟಿಗೆಯ ಕಟ್ಟೆ, ಗೋಡೆಯಲ್ಲಿ ಸಾಮಾನು ಇಡುವ ಗೂಡು. ಅಂಗಳದಲ್ಲಿ ಬಾವಿ, ಒಲೆಗಳು, ನೀರು ಹೊರಹೋಗೋಕೆ ಚರಂಡಿ. ಬಾಗಿಲಿಗೆ ಎದುರಾಗಿ ಬುದ್ಧನ ಗುಡಿ. ಗೋಡೆ ಆರಡಿಗೂ ದಪ್ಪ. ಮೇಲೆ ಮಹಡಿ ಇತ್ತು ಅನ್ನುವುದಕ್ಕೆ 1ನೇ ವಿಹಾರದ ಮೆಟ್ಟಿಲು ಸಾಕ್ಷಿ. ಇಲ್ಲೂ ಅಷ್ಟೇ, ಹಾಳಾದ ನೆಲದ ಮೇಲೆ ಮತ್ತೆ ನೆಲ ಹಾಕಿ ಕಟ್ಟುತ್ತಾ ಹೋಗಿದ್ದಾರೆ.

ಇಷ್ಟು ಜನರ ಊಟಕ್ಕೆ ದುಡ್ಡು ಎಲ್ಲಿಂದ? 5ನೇ ಶತಮಾನದಲ್ಲಿ ಗುಪ್ತರ ಕುಮಾರಗುಪ್ತ ಶುರು ಮಾಡಿದ್ದನ್ನು ಆಮೇಲಿನ ರಾಜರು ಊರುಗಳನ್ನು ದತ್ತಿ ಬಿಟ್ಟು ನಡೆಸಿದರು. 7ನೇ ಶತಮಾನದಲ್ಲಿ ಇಲ್ಲಿ ಓದಿದ ಚೀನಾದ ಹ್ಯೂಯೆನ್ ತ್ಸಾಂಗ್ 100 ಊರುಗಳ ಮಾತು ಹೇಳುತ್ತಾನೆ. ಅಲ್ಲಿಂದ ದಿನಾ ಅಕ್ಕಿ, ಹಾಲು, ಬೆಣ್ಣೆ ಬರುತ್ತಿತ್ತಂತೆ. ಓದುವವರು ಭಿಕ್ಷೆಗೆ ಅಲೆಯಬೇಕಿರಲಿಲ್ಲ. 1ನೇ ವಿಹಾರದಲ್ಲಿ ಸಿಕ್ಕ ತಾಮ್ರಶಾಸನ ಇನ್ನೂ ಮಜವಾಗಿದೆ. ಸುವರ್ಣದ್ವೀಪದ, ಅಂದರೆ ಈಗಿನ ಇಂಡೋನೇಷ್ಯಾ ಕಡೆಯ ರಾಜ ಬಾಲಪುತ್ರದೇವ ಇಲ್ಲೊಂದು ವಿಹಾರ ಕಟ್ಟಿಸಿದ. ಅದರ ಖರ್ಚಿಗೆ ಆಗ ಈ ಕಡೆ ಆಳುತ್ತಿದ್ದ ಪಾಲ ವಂಶದ ದೇವಪಾಲ ಐದು ಊರು ಬಿಟ್ಟುಕೊಟ್ಟ. ಸಮುದ್ರದಾಚೆಯ ರಾಜನೊಬ್ಬ ಬಿಹಾರದಲ್ಲಿ ಹಾಸ್ಟೆಲ್ ಕಟ್ಟಿಸಿದ್ದು 9ನೇ ಶತಮಾನದಲ್ಲಿ!

ಗೈಡ್‌ಗಳು ಮಾತ್ರ ಗ್ರಂಥಾಲಯ ಬಿಟ್ಟು ಕದಲುವುದಿಲ್ಲ. ಒಂಬತ್ತು ಮಹಡಿ, ತಿಂಗಳುಗಟ್ಟಲೆ ಉರಿದ ಪುಸ್ತಕಗಳು. ಒಂಬತ್ತು ಮಹಡಿಯ ಕಥೆ ಬಂದದ್ದು ಟಿಬೆಟಿನ ಕಡೆಯಿಂದ. ಇದೇ ಗ್ರಂಥಾಲಯ ಅಂತ ತೋರಿಸಬಹುದಾದ ಕಟ್ಟಡ ಅಗೆತದಲ್ಲಿ ಸಿಕ್ಕಿಲ್ಲ. ಬೆಂಕಿ ಬಿದ್ದದ್ದಂತೂ ನಿಜ, ಎದುರಿನ ಮ್ಯೂಸಿಯಂನಲ್ಲಿ ಸುಟ್ಟು ಕರಿಕಾದ ಅಕ್ಕಿ ಇಟ್ಟಿದ್ದಾರೆ. 1200ರ ಹೊತ್ತಿಗೆ ತುರ್ಕಿ ಸೇನಾನಿ ಬಖ್ತಿಯಾರ್ ಖಿಲ್ಜಿಯ ದಾಳಿ ಈ ಕಡೆ ನಡೆಯಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1235ರ ಸುಮಾರಿಗೆ ಬಂದ ಟಿಬೆಟಿನ ಭಿಕ್ಷು ಧರ್ಮಸ್ವಾಮಿ 90 ದಾಟಿದ ಗುರು ರಾಹುಲಶ್ರೀಭದ್ರ ಸುಮಾರು 70 ಜನಕ್ಕೆ ಪಾಠ ಹೇಳುತ್ತಿದ್ದುದನ್ನು ನೋಡಿದ. ಈ ಮಾತನ್ನು ಯಾವ ಗೈಡೂ ಹೇಳಲಿಲ್ಲ, ನನಗದು ಬೇಜಾರು.

ಗ್ರಂಥಾಲಯದ ಮಾತಿಗೆ ನಮ್ಮ ಚಿತ್ತಾಪುರದ ಹತ್ತಿರದ ನಾಗಾವಿ ನೆನಪಾಯಿತು. ಅಲ್ಲಿನ ಘಟಿಕಾಸ್ಥಾನದ, ಅಂದರೆ ಹಳೆಯ ವಿದ್ಯಾಪೀಠದ 1058ರ ಶಾಸನದಲ್ಲಿ ಪುಸ್ತಕ ನೋಡಿಕೊಳ್ಳುವ ಆರು ಜನ ಸರಸ್ವತಿ ಭಂಡಾರಿಗರ ಲೆಕ್ಕವೇ ಇದೆ. ನಳಂದಕ್ಕೆ ಬರುವ ಕನ್ನಡಿಗರಲ್ಲಿ ನಾಗಾವಿ ನೋಡಿದವರು ಎಷ್ಟು ಜನ?

ರಾಜಗೀರ್ ಹತ್ತಿರ ಹೊಸ ನಳಂದ ವಿಶ್ವವಿದ್ಯಾಲಯವೂ ಇದೆ. ನಕ್ಷೆ ಬಿ.ವಿ. ದೋಶಿ ಅವರದು, ಕ್ಯಾಂಪಸ್ ಉದ್ಘಾಟನೆ ಆದದ್ದು 2024ರಲ್ಲಿ. ಕೆಂಪು ಇಟ್ಟಿಗೆ, ದೊಡ್ಡ ಕೊಳಗಳು. ಹೊರಗಿನಿಂದ ನೋಡಿದರೆ ಹಳೆಯದರ ನೆರಳು ಸ್ವಲ್ಪ ಜಾಸ್ತಿಯೇ ಅನಿಸಿತು.

ಹೋಗುವವರಿಗೆ ಒಂದು ಮಾತು. ಮ್ಯೂಸಿಯಂಗೆ ಶುಕ್ರವಾರ ರಜೆ. ಬೆಳಗ್ಗೆ ಬೇಗ ಹೋಗಿ, ಆಮೇಲೆ ಬಿಸಿಲಿಗೆ ಇಟ್ಟಿಗೆ ಕಾದು ಬಿಸಿಯಾಗುತ್ತದೆ. ವಾಪಸ್ ಬರುವಾಗ ಸಿಲಾವ್‌ನಲ್ಲಿ ಇಳಿದು ಖಾಜಾ ತಿನ್ನಿ. ನಮ್ಮ ಚಿರೋಟಿ ಹಾಗೆ ಪದರ ಪದರ, ಸಿಹಿ ಮಾತ್ರ ಎರಡು ಪಟ್ಟು.